ನಿಲುಗಲ್ಲು ಮತ್ತು ನೀಲಿ ಫಲಕ

ಅಷ್ಟೂರಿನಲ್ಲಿ ಹುಟ್ಟಿ ಬೆಳೆದವರಿಗೆ ‘ಸ್ಮಾರಕ’ವೆಂಬ ಪದದ ಅರ್ಥಕ್ಕಾಗಿ ನಿಘಂಟನ್ನು ತೆರೆಯುವ ಅಗತ್ಯ ಬೀಳುವುದಿಲ್ಲ. ಬೀದರ ನಗರದಿಂದ ಪೂರ್ವಕ್ಕೆ ಜಂಬಿಟ್ಟಿಗೆಯ ಪ್ರಸ್ಥಭೂಮಿಯನ್ನು ಇಳಿದು ಬಂದರೆ ಮೊದಲು ಚೌಖಂಡಿ, ಆಮೇಲೆ ಸಾಲಾಗಿ ನಿಂತ ಬಹಮನಿ ಸುಲ್ತಾನರ ಗೋರಿಗಳು, ಅವುಗಳ ಮಗ್ಗುಲಿಗೆ ನಮ್ಮ ಊರು. ನಾನು ಅಕ್ಷರ ಕಲಿತ ಹೊಸತರಲ್ಲಿ ಪಠ್ಯಪುಸ್ತಕದ ಹೊರಗೆ ಓದಿದ ಮೊದಲ ಗದ್ಯಖಂಡವೆಂದರೆ ಗೋರಿಗಳ ಮುಂದಿನ ನೀಲಿ ಫಲಕ. ‘ಸಂರಕ್ಷಿತ ಸ್ಮಾರಕ’ ಎಂದು ಆರಂಭವಾಗಿ, ಹಾನಿ ಮಾಡಿದವರಿಗೆ ಮೂರು ತಿಂಗಳ ಸೆರೆವಾಸ ಅಥವಾ ಐದು ಸಾವಿರ ರೂಪಾಯಿ ದಂಡ ಎಂದು ಮುಗಿಯುತ್ತಿತ್ತು. 1958ರ ಕಾಯಿದೆಯ ಮಾತುಗಳವು. 2010ರ ತಿದ್ದುಪಡಿಯ ನಂತರ ಅದು ಎರಡು ವರ್ಷ, ಒಂದು ಲಕ್ಷ ರೂಪಾಯಿ ಎಂದಾಗಿದೆ. ಚೆಂಡು ಗುಮ್ಮಟದ ಮೇಲೆ ಬಿದ್ದಾಗಲೆಲ್ಲ ನಾವು ಹುಡುಗರು ಐದು ಸಾವಿರವನ್ನು ತಲೆಗೆ ಇಷ್ಟೆಂದು ಹಂಚಿ ಲೆಕ್ಕ ಹಾಕುತ್ತಿದ್ದೆವು.

ಈ ಪ್ರಬಂಧ ಗೋರಿಗಳನ್ನು ಕುರಿತದ್ದಲ್ಲ. ಒಂದು ಕಲ್ಲನ್ನು ಕುರಿತದ್ದು. ಆದರೆ ಆ ಕಲ್ಲನ್ನು ನಾನು ನೋಡಿದ ಕಣ್ಣು ಅಷ್ಟೂರಿನದಾದುದರಿಂದ ಇಷ್ಟನ್ನು ಮೊದಲೇ ಹೇಳಬೇಕಾಯಿತು.

ನನ್ನ ಮಹಾಪ್ರಬಂಧದ ವಿಷಯ ಕಲ್ಯಾಣ ಕರ್ನಾಟಕದ ಸ್ಥಳಕಥನಗಳು. ಅದರಲ್ಲಿ ಒಂದು ಅಧ್ಯಾಯ ‘ಕಲ್ಲು’ ಎಂಬ ಪದದಿಂದ ಮುಗಿಯುವ ಹೆಸರುಗಳಿಗೆ ಮೀಸಲು: ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು, ಕರುಗಲ್ಲು, ಗಡಿಗಲ್ಲು. ಈ ಪಟ್ಟಿಯಲ್ಲಿ ಮೊದಲ ಮೂರಕ್ಕೆ ನಮ್ಮ ವಿಭಾಗಗಳಲ್ಲಿ ಗಟ್ಟಿಯಾದ ಪರಂಪರೆಯಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಿಂದ ಮೊದಲುಗೊಂಡು ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನದವರೆಗೆ ಕನ್ನಡ ವಿದ್ವತ್ತು ಬರೆಹವಿರುವ ಕಲ್ಲನ್ನು ಬಹಳ ಪ್ರೀತಿಯಿಂದ ಓದಿದೆ. ಬರೆಹವಿಲ್ಲದ ಕಲ್ಲನ್ನು ಮಾತ್ರ ಅದು ಪುರಾತತ್ತ್ವದವರಿಗೆ ಬಿಟ್ಟುಕೊಟ್ಟಿತು. ಅ. ಸುಂದರ ಅವರಂಥವರು ದಕ್ಷಿಣ ಭಾರತದ ಕಲ್ಲುಕೋಣೆ ಸಮಾಧಿಗಳ ಮೇಲೆ ದುಡಿದ ದುಡಿಮೆ ನಮ್ಮ ಎಂ.ಎ. ತರಗತಿಗಳಿಗೆ ಬಂದದ್ದು ಅಡಿಟಿಪ್ಪಣಿಯಾಗಿ. ನಾನು ನಿಲುಗಲ್ಲನ್ನೂ ಅಧ್ಯಾಯದಲ್ಲಿ ಸೇರಿಸುತ್ತೇನೆಂದಾಗ ಸಮಿತಿಯಲ್ಲೊಬ್ಬರು “ಅದರಲ್ಲಿ ಓದುವುದಕ್ಕೆ ಏನಿದೆ?” ಎಂದು ಕೇಳಿದರು. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಉತ್ತರ ನನ್ನಲ್ಲೂ ಇರಲಿಲ್ಲ.

ಉತ್ತರ ಹುಡುಕುತ್ತ ಹೋದದ್ದು ವಿಭೂತಿಹಳ್ಳಿಗೆ. ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಸಮೀಪದ ಈ ಊರಿನ ಕಲ್ಲುಸಾಲುಗಳು ಕೇಂದ್ರ ಸರಕಾರದ ಸಂರಕ್ಷಿತ ಪಟ್ಟಿಯಲ್ಲಿವೆ. ನಮ್ಮ ಬೀದರ ಕಡೆ ಕಪ್ಪುಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆ. ದಕ್ಷಿಣಕ್ಕೆ ಭೀಮೆಯನ್ನು ದಾಟಿದ ಮೇಲೆ ಗ್ರಾನೈಟಿನ ಬೆಟ್ಟಗಳು ಏಳುತ್ತವೆ. ಉಂಡೆಗಲ್ಲುಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಹೀಗೆ ಪ್ರಕೃತಿಯೇ ಕಲ್ಲನ್ನು ಚೆಲ್ಲಾಡಿರುವ ನೆಲದಲ್ಲಿ ಮನುಷ್ಯ ಜೋಡಿಸಿದ ಕಲ್ಲನ್ನು ಗುರುತಿಸುವುದು ಹೇಗೆ? ನಾನು ಮೊದಲ ಅರ್ಧ ಗಂಟೆ ಅದರ ನಡುವೆಯೇ ನಿಂತು ಅದನ್ನು ಹುಡುಕುತ್ತಿದ್ದೆನೆಂಬುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಎತ್ತರದ ಕಂಬದಂಥ ಕಲ್ಲುಗಳನ್ನು ನಿರೀಕ್ಷಿಸಿ ಹೋಗಿದ್ದವನಿಗೆ ಕಂಡದ್ದು ಮೊಣಕಾಲೆತ್ತರ, ಸೊಂಟದೆತ್ತರದ ಬಂಡೆಗಳು. ಒಂದು ಬಂಡೆಯ ಮೇಲೆ ಹತ್ತಿ ನಿಂತಾಗ ಥಟ್ಟನೆ ಸಾಲು ಕಂಡಿತು; ಓರೆಯಾಗಿ ಇನ್ನೊಂದು ಸಾಲು ಕಂಡಿತು; ಮತ್ತೆ ಇಳಿದಾಗ ಎಲ್ಲವೂ ಬರೀ ಕಲ್ಲಾಯಿತು.

ಈ ಸಾಲುಗಳನ್ನು ಮೊದಲು ಬರೆಹಕ್ಕೆ ತಂದವನು ಮೆಡೋಸ್ ಟೇಲರ್. ಠಕ್ಕರ ಕಾದಂಬರಿ ಬರೆದವನೆಂದು ನಮಗೆ ಪರಿಚಿತನಾದ ಈತ ಸುರಪುರ ಸಂಸ್ಥಾನದಲ್ಲಿ ಕಂಪನಿಯ ಅಧಿಕಾರಿಯಾಗಿದ್ದಾಗ ಜೇವರ್ಗಿ, ರಾಜನಕೋಳೂರು, ವಿಭೂತಿಹಳ್ಳಿಗಳ ಕಲ್ಲುಗಳನ್ನು ಕಂಡು, ಕೆಲವನ್ನು ಅಗೆಸಿ, ಅಳತೆ ಹಾಕಿ ಚಿತ್ರ ಬರೆದ. ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಅವನ ದೀರ್ಘ ಲೇಖನ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ದಖ್ಖನಿನ ಈ ಕಲ್ಲುಗಳು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂಬ ಮಾತಿದೆ. ತನ್ನ ನಾಡಿನ ಕಲ್ಲಿಗೆ ಇಲ್ಲಿಯ ಕಲ್ಲು ಹೋಲುವುದನ್ನು ಕಂಡು ಅವನು ರೋಮಾಂಚಿತನಾಗಿದ್ದ. ಹೋಲಿಕೆ ಇದ್ದರೆ ನಂಟು ಇರಲೇಬೇಕೆಂದು ಅಂದಿನ ವಿದ್ವಾಂಸರು ನಂಬಿದ್ದರು. ಆ ತೀರ್ಮಾನವನ್ನು ಇಂದು ಯಾರೂ ಒಪ್ಪುವುದಿಲ್ಲ. ಅಳತೆಗಳು ಮಾತ್ರ ಇಂದಿಗೂ ಬೇಕಾಗುತ್ತವೆ. ಸಂಶೋಧಕನಾಗಿ ನನಗೆ ಇದೊಂದು ದೊಡ್ಡ ಸಮಾಧಾನ: ತೀರ್ಮಾನ ಹುಸಿಯಾದರೂ ನೋಡಿದ್ದು ಉಳಿಯುತ್ತದೆ.

ಟೇಲರನ ನಂತರದ ಮುಖ್ಯ ಹೆಜ್ಜೆ ಎಫ್.ಆರ್. ಆಲ್ಚಿನ್ ಅವರದು. ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳನ್ನು ಕುರಿತು 1956ರಲ್ಲಿ ‘ಮ್ಯಾನ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನದಲ್ಲಿ ಇವುಗಳ ವಿನ್ಯಾಸದ ವರ್ಗೀಕರಣವಿದೆ. ಚೌಕದ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಐದನೆಯದು. ಇದೇ ಘಟಕ ಮತ್ತೆ ಮತ್ತೆ ಮರುಕಳಿಸಿದಾಗ ಓರೆಸಾಲುಗಳ ಜಾಲ ತಾನಾಗಿ ಮೂಡುತ್ತದೆ. ನಮ್ಮ ಹೆಣ್ಣುಮಕ್ಕಳು ಚುಕ್ಕಿಯಿಟ್ಟು ಎಳೆಯುವ ರಂಗೋಲಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ರಂಗೋಲಿಗೂ ಇದಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಟೇಲರನ ಡ್ರೂಯಿಡರಿಗೂ ನನ್ನ ರಂಗೋಲಿಗೂ ವ್ಯತ್ಯಾಸವೇನು?)

ಖಗೋಳವಿಜ್ಞಾನಿಗಳು ಬಂದದ್ದು ಇನ್ನೂ ಆಮೇಲೆ. ಎನ್. ಕಾಮೇಶ್ವರ ರಾವ್ ಮತ್ತು ಅವರ ಸಂಗಡಿಗರು ಕೃಷ್ಣೆಯ ದಂಡೆಯ ‘ನಿಲುರಾಳ್ಳು’ ಎಂಬಲ್ಲಿ ಕಲ್ಲುಸಾಲುಗಳು ಅಯನ ಸಂಕ್ರಾಂತಿಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುವುದನ್ನು 2011ರಲ್ಲಿ ಪ್ರಕಟಿಸಿದರು. ರಾಯಚೂರಿನ ಗಡಿಗೆ ಹತ್ತಿಕೊಂಡಿರುವ, ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದ ಈ ಮುಡುಮಾಲದ ನಿಲುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿವೆ. ಅಲ್ಲಿಯ ಒಂದು ಕಲ್ಲಿಗೆ ಎಲ್ಲಮ್ಮನೆಂದು ಪೂಜೆ ಸಲ್ಲುತ್ತದೆ. ಮಲೆನಾಡಿನ ಹೊಸನಗರ ತಾಲೂಕಿನ ನಿಲಸ್ಕಲ್ ಮತ್ತು ಬೈಸೆಗಳಲ್ಲಿ ಶ್ರೀಕುಮಾರ್ ಮೆನನ್ ಮತ್ತು ಮಯಾಂಕ್ ವಾಹಿಯಾ ಅವರೂ ಇಂಥದೇ ಅಯನರೇಖೆಗಳನ್ನು ಗುರುತಿಸಿದ್ದಾರೆ. ನಿಲಸ್ಕಲ್ ಎಂಬಲ್ಲಿ ಕಲ್ಲೇ ಊರಿನ ಹೆಸರಾಗಿದೆ.

ನನ್ನ ಅಧ್ಯಾಯಕ್ಕೆ ಬಾಗಿಲು ತೆರೆದದ್ದು ಈ ಹೆಸರೇ. ಶಾಸನಗಳಲ್ಲಿ ಕಲ್ಲಿನೊಡನೆ ಬರುವ ಕ್ರಿಯಾಪದಗಳನ್ನು ಗಮನಿಸಿ: ನಿಱಿಸು, ನಿಲಿಸು, ನೆಡಿಸು, ಎತ್ತಿಸು. ಎಲ್ಲವೂ ಪ್ರೇರಣಾರ್ಥಕ ಅಥವಾ ಸಕರ್ಮಕ. ಕಲ್ಲು ತಾನಾಗಿ ನಿಲ್ಲುವುದಿಲ್ಲ, ಯಾರೋ ನಿಲ್ಲಿಸುತ್ತಾರೆ. ವೀರಗಲ್ಲಿನ ಶಾಸನ ಸತ್ತವನ ಹೆಸರನ್ನು ಹೇಳಿದ ಮೇಲೆ ಸಾಮಾನ್ಯವಾಗಿ ಕಲ್ಲನ್ನು ನಿಲ್ಲಿಸಿದ ಮಗನನ್ನೋ ತಮ್ಮನನ್ನೋ ಹೆಂಡತಿಯನ್ನೋ ಹೇಳಲು ಮರೆಯುವುದಿಲ್ಲ. ಆ ಸಾವಿಗಾಗಿ ಬಿಟ್ಟ ನೆಲಕ್ಕೆ ‘ಕಲ್ನಾಡು’ ಎಂಬ ಪದವೇ ಇದೆ. ಅಂದರೆ ಕಲ್ಲಿನ ಹಿಂದೆ ಸತ್ತವನಿದ್ದಾನೆ, ನಿಲ್ಲಿಸಿದವನಿದ್ದಾನೆ, ನೆಲವಿದೆ. ಆದರೆ ‘ನಿಲುಗಲ್ಲು’ ಎಂದೊಡನೆ ಕರ್ತೃ ಬಿದ್ದುಹೋಗುತ್ತಾನೆ. ಕಲ್ಲು ಅನಾದಿಯಿಂದ ಹಾಗೆಯೇ ನಿಂತಿತ್ತೇನೋ ಎಂಬಂತಾಗುತ್ತದೆ. ಕರ್ತೃವಿಲ್ಲದ ಕಡೆ ಜನ ಕರ್ತೃವನ್ನು ಕಲ್ಪಿಸಿಕೊಳ್ಳುತ್ತಾರೆ. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಕುಳ್ಳರಾದ ಮೋರ್ಯರು ಕಟ್ಟಿದರೆನ್ನುವುದು, ಇನ್ನೆಷ್ಟೋ ಊರುಗಳಲ್ಲಿ ಪಾಂಡವರೆನ್ನುವುದು, ರಕ್ಕಸರೆನ್ನುವುದು, ಎಲ್ಲವೂ ಬಿದ್ದುಹೋದ ಕರ್ತೃಪದವನ್ನು ತುಂಬುವ ಪ್ರಯತ್ನಗಳೆಂದು ನಾನು ತಿಳಿಯುತ್ತೇನೆ. ಖಾಸಿ ಬೆಟ್ಟಗಳಂತೆ ಕಲ್ಲು ನಿಲ್ಲಿಸುವ ಪದ್ಧತಿ ಇತ್ತೀಚಿನವರೆಗೂ ಬದುಕಿದ್ದ ಕಡೆ ಇಂಥ ಕಲ್ಪನೆ ಬೇಕಾಗುವುದಿಲ್ಲ. ಅಲ್ಲಿ ನಿಂತ ಕಲ್ಲು ಗಂಡು, ಮಲಗಿಸಿದ ಕಲ್ಲು ಹೆಣ್ಣು, ಕುಲದ ಹೆಸರು ಎಲ್ಲರಿಗೂ ಗೊತ್ತು. ‘ಓದುವುದಕ್ಕೆ ಏನಿದೆ’ ಎಂದು ಕೇಳಿದವರಿಗೆ ಕೊನೆಗೂ ನಾನು ಕೊಟ್ಟ ಉತ್ತರ ಇದು. ಅವರು ಒಪ್ಪಿದರು, ಬಹುಶಃ ಮಧ್ಯಾಹ್ನದ ಊಟದ ಹೊತ್ತಾದುದೂ ಒಂದು ಕಾರಣವಿರಬಹುದು.

ಇಲ್ಲಿಗೆ ಅಧ್ಯಾಯ ಮುಗಿಯಬೇಕಾಗಿತ್ತು. ಮುಗಿಯದಿರಲು ಕಾರಣ ಇನ್ನೊಂದು ಕಲ್ಲು.

ವಿಭೂತಿಹಳ್ಳಿಗೆ ಹೋಗಿಬಂದ ಕೆಲವು ತಿಂಗಳ ನಂತರ ಕೃಷ್ಣೆ ಮತ್ತು ಭೀಮೆಗಳ ನಡುವಣ ಒಂದು ಚಿಕ್ಕ ಊರಿನಲ್ಲಿ ನಿಜವಾದ ನಿಲುಗಲ್ಲೊಂದನ್ನು ಕಂಡೆ. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ. ತೊಗರಿ ಹೊಲದ ಅಂಚಿಗೆ ಎರಡಾಳೆತ್ತರದ ಗ್ರಾನೈಟಿನ ಚಪ್ಪಡಿ, ತುಸು ಪೂರ್ವಕ್ಕೆ ವಾಲಿದೆ. ಬುಡದಲ್ಲಿ ಸುಣ್ಣ, ಕುಂಕುಮ. ಊರವರು ಅದನ್ನು ಕರುಗಲ್ಲೆಂದೇ ಕರೆಯುತ್ತಾರೆ. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಕರಿ ಹರಿಯುವ ಮೊದಲು ಈ ಕಲ್ಲನ್ನು ಸುತ್ತಿಸುತ್ತಾರೆ. ಕಾರಹುಣ್ಣಿಮೆ ಜ್ಯೇಷ್ಠದ ಹುಣ್ಣಿಮೆ, ಉತ್ತರಾಯಣದ ಕೊನೆಯ ಅಂಚು. ಖಗೋಳದ ಲೇಖನಗಳನ್ನು ಆಗಷ್ಟೇ ಓದಿದ್ದ ನನಗೆ ಇವೆರಡನ್ನೂ ಜೋಡಿಸಿ ಒಂದು ಭರ್ಜರಿ ಪ್ರಮೇಯ ಕಟ್ಟುವ ಆಸೆ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಣ್ಣಿಮೆ ಚಾಂದ್ರಮಾನದ್ದು. ಮೇ ಕೊನೆಯಿಂದ ಜೂನ್ ಕೊನೆಯವರೆಗೆ ವರ್ಷವರ್ಷವೂ ಸರಿದಾಡುತ್ತದೆ. ಸೂರ್ಯನ ಅಯನ ಸರಿದಾಡುವುದಿಲ್ಲ. ಪ್ರಮೇಯವನ್ನು ಎರಡು ದಿನ ಇಟ್ಟುಕೊಂಡು ಕೈಬಿಟ್ಟೆ.

ಹೊಲದ ಮಾಲಕರು ಎಂಬತ್ತು ದಾಟಿದ ಮುತ್ಯಾ. ಅವರೇ ನನ್ನ ಮುಖ್ಯ ವಕ್ತೃ. “ಯಾರು ನಿಂದರಿಸಿದ್ದು, ಮುತ್ಯಾ?” ಎಂದು ಕೇಳಿದಾಗ ಅವರು ಪಾಂಡವರ ಹೆಸರನ್ನೂ ಹೇಳಲಿಲ್ಲ, ರಕ್ಕಸರ ಹೆಸರನ್ನೂ ಹೇಳಲಿಲ್ಲ. “ನಮಗಿಂತ ಮೊದಲ ಇದ್ದವರು ನಿಂದರಿಸ್ಯಾರ. ಅವರೂ ಒಕ್ಕಲುತನದವರೇ ಇರಬೇಕು, ಇಲ್ಲಂದ್ರ ಹೊಲದ ಬದುವಿನ ಮ್ಯಾಲ ಯಾಕ ನಿಂದರಸ್ತಿದ್ರು?” ಎಂದರು. ಬದು ಮೊದಲೋ ಕಲ್ಲು ಮೊದಲೋ ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ.

ಮೊದಲು ಅಲ್ಲಿ ಇಂಥವು ಮೂರಿದ್ದವಂತೆ. ಎರಡನ್ನು ಒಡೆದು ಮನೆಗಳ ಪಾಯಕ್ಕೆ ಹಾಕಿದ್ದು ಅವರ ಕಣ್ಣೆದುರಿಗೇ. ಈಗ ಹೊಲದ ಪಕ್ಕದ ದಾರಿ ಅಗಲವಾಗಲಿದೆ ಎಂಬ ಮಾತು ಊರಿನಲ್ಲಿದೆ. ಸ್ವಲ್ಪ ದೂರದಲ್ಲಿ ಕಲ್ಲುಗಣಿ ನಡೆಯುತ್ತಿದೆ. ಸಂಶೋಧಕನಿಗೆ ತಕ್ಷಣ ಹೊಳೆಯುವುದು ಹೊಳೆಯಿತು: ಒಂದು ಮನವಿ ಬರೆದು, ಛಾಯಾಚಿತ್ರ, ಅಳತೆಗಳನ್ನು ಲಗತ್ತಿಸಿ, ಈ ಕಲ್ಲನ್ನು ಸಂರಕ್ಷಿತವೆಂದು ಘೋಷಿಸಿರೆಂದು ಕೇಳಬೇಕು. ಮುತ್ಯಾನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ:

“ಬೋರ್ಡ ಹಚ್ಚಿದ ಮ್ಯಾಲ ಎತ್ತ ಸುತ್ತಸಾಕ ಬಿಡ್ತಾರೇನ್ರಿ?”

“ಬಿಡ್ತಾರ ಮುತ್ಯಾ” ಎಂದೆ. ಅಷ್ಟೂರಿನ ಸಾಕ್ಷ್ಯವನ್ನು ಕೊಟ್ಟೆ. ನಮ್ಮ ಊರಿನ ಗೋರಿಗಳ ಪೈಕಿ ಅಹ್ಮದ್ ಶಾಹನದು (ಅವನ ಆಳ್ವಿಕೆ 1422ರಿಂದ 1436) ಇಂದಿಗೂ ಪೂಜೆಗೊಳ್ಳುವ ಸ್ಥಳ. ಮುಸಲ್ಮಾನರಿಗೆ ಆತ ವಲಿ, ಹಿಂದೂಗಳಿಗೆ ಅಲ್ಲಮಪ್ರಭು. ಅವನ ಉರುಸು ನಡೆಯುವುದು ಹೋಳಿಯ ನಂತರ, ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದಿ, ತೆಂಗಿನಕಾಯಿ ಒಡೆಯುತ್ತಾರೆ. ಗುಲಾಂ ಯಜ್ದಾನಿಯವರು 1947ರ ತಮ್ಮ ಬೀದರ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಸ್ಥಾವರದ ಬಳಿಗೆ ಜಂಗಮ ನಡೆದು ಬರುವ ಈ ಪದ್ಧತಿಗೆ ನೀಲಿ ಫಲಕ ಎಂದೂ ಅಡ್ಡಿಯಾಗಿಲ್ಲ. ಕಾಯಿದೆಯೂ ನಡೆದುಬಂದ ಆಚರಣೆಗೆ ಅವಕಾಶ ಕೊಡುತ್ತದೆ. ಇದೆಲ್ಲ ನಿಜ. ಮುತ್ಯಾನಿಗೆ ಸಂತೋಷವಾಯಿತು. ಎದ್ದು ಹೋಗಿ ಕಲ್ಲಿನ ಬುಡದ ಕಸವನ್ನು ಕಾಲಿಂದ ಸರಿಸಿದರು.

ಆದರೆ ಅಷ್ಟೂರಿನ ಸಾಕ್ಷ್ಯದ ಇನ್ನೊಂದು ಅರ್ಧವನ್ನು ನಾನು ಹೇಳಿರಲಿಲ್ಲ.

ನಾನು ಎಂ.ಎ. ಓದುತ್ತಿದ್ದಾಗ ಒಂದು ಮಳೆಗಾಲದಲ್ಲಿ ನಮ್ಮ ಮಾಳಿಗೆ ಮನೆಯ ಹಿಂಬದಿಯ ಗೋಡೆ ಕುಸಿಯಿತು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರು ನಿಷೇಧಿತ ವಲಯ, ಅಲ್ಲಿಂದಾಚೆ ಇನ್ನೂರು ಮೀಟರು ನಿಯಂತ್ರಿತ ವಲಯ. ನಮ್ಮ ಮನೆ ಮೊದಲನೆಯದರ ಒಳಗೆ ಬರುತ್ತದೆ. ಅಲ್ಲಿ ಹೊಸದು ಕಟ್ಟುವಂತಿಲ್ಲ. ಇದ್ದುದನ್ನು ದುರಸ್ತಿ ಮಾಡಲು ಅನುಮತಿ ಬೇಕು. ಅಪ್ಪ ಅನಕ್ಷರಸ್ಥರಲ್ಲ, ಆದರೆ ಕಛೇರಿಯ ಕನ್ನಡ ಅವರದಲ್ಲ. ಅರ್ಜಿ ಬರೆದವನು ನಾನು. ‘ಮಾನ್ಯರೇ’ ಎಂದು ಆರಂಭಿಸಿ, ನಾನು ಕಲಿತಿದ್ದ ಗ್ರಾಂಥಿಕ ಕನ್ನಡವನ್ನೆಲ್ಲ ಅದರಲ್ಲಿ ಸುರಿದಿದ್ದೆ. ನಕ್ಷೆ ಇಲ್ಲವೆಂದು ಒಮ್ಮೆ, ಅಳತೆ ಸಾಲದೆಂದು ಒಮ್ಮೆ, ಒಡೆತನದ ದಾಖಲೆ ಹಳೆಯದೆಂದು ಒಮ್ಮೆ ಅದು ಮರಳಿ ಬಂತು. ಒಂದು ಕಛೇರಿಯವರು ಇನ್ನೊಂದು ಕಛೇರಿಯ ಕಡೆ ಬೊಟ್ಟುಮಾಡಿದರು. ಮೂರು ಮಳೆಗಾಲ ಅವ್ವ ತಗಡು, ತಾಡಪತ್ರಿಗಳ ಹಿಂದೆ ಅಡಿಗೆ ಮಾಡಿದಳು. ರಾತ್ರಿ ಮಳೆ ಬಂದರೆ ಅಪ್ಪ ಎದ್ದು ಕುಳಿತು, ಹೊರಗೆ ಮಿಂಚಿನಲ್ಲಿ ಕಾಣುವ ಗುಮ್ಮಟವನ್ನು ನೋಡಿ, “ಅಂವಂಗ ನಮ್ಮಕಿಂತ ಚಲೋ ಮನಿ ಅದ” ಎನ್ನುತ್ತಿದ್ದರು. ಅದರಲ್ಲಿ ದ್ವೇಷವಿರಲಿಲ್ಲ. ಉರುಸಿನಲ್ಲಿ ಕಾಯಿ ಒಡೆಸುವವರಲ್ಲಿ ಅವರೂ ಒಬ್ಬರು. ಕೊನೆಗೆ ಅನುಮತಿ ಬಂತು, ಗೋಡೆ ಎದ್ದಿತು.

ಕಾನೂನನ್ನು ದೂರುವುದು ಸುಲಭ. ಅದು ಇಲ್ಲದಿದ್ದರೆ ಗೋರಿಗಳ ನಡುವಿನ ಬಯಲು ಎಂದೋ ನಿವೇಶನಗಳಾಗಿ ಹರಿದು ಹಂಚಿಹೋಗುತ್ತಿತ್ತೆಂಬುದನ್ನು ಬೀದರವನ್ನು ಬಲ್ಲ ಯಾರೂ ಅಲ್ಲಗಳೆಯಲಾರರು. ಬ್ರಿಟನ್ನಿನಲ್ಲಿ 1882ರಲ್ಲಿ ಇಂಥ ಮೊದಲ ಕಾಯಿದೆ ಬಂದಾಗ ಅದರ ಪಟ್ಟಿಯಲ್ಲಿದ್ದವು ಬಹುಪಾಲು ಪ್ರಾಗೈತಿಹಾಸಿಕ ಕಲ್ಲುಗಳೇ, ಸ್ಟೋನ್‌ಹೆಂಜ್ ಸಹಿತ. ಉಳುವ ನೇಗಿಲು ಮತ್ತು ಒಡೆಯುವ ಸುತ್ತಿಗೆಗಳಿಂದ ಅವನ್ನು ಉಳಿಸಲು ಬೇರೆ ದಾರಿಯಿರಲಿಲ್ಲ. ಇಲ್ಲಿಯ ಸುತ್ತಿಗೆಗೆ ಮುತ್ಯಾನ ಊರಿನ ಎರಡು ಕಲ್ಲು ಸಾಕ್ಷಿ. ಆದರೆ ತೊಗರಿ ಹೊಲದ ನಡುವೆ ನಿಂತು ‘ಬಿಡ್ತಾರ’ ಎಂದು ನಾನು ಹೇಳಿದಾಗ, ಆ ಹೊಲದಲ್ಲಿ ನಾಳೆ ಒಂದು ಕೋಣೆ ಕಟ್ಟಬೇಕಾದರೆ ಏನಾಗುತ್ತದೆಂಬುದು ನನಗಿಂತ ಚೆನ್ನಾಗಿ ಬಲ್ಲವರು ವಿಭಾಗದಲ್ಲಿ ಇನ್ನೊಬ್ಬರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದ್ದನ್ನು ಹೇಳಲಿಲ್ಲ ಎಂಬ ಸಮಜಾಯಿಷಿ ಬಸ್ಸಿನಲ್ಲಿ ಕಲಬುರಗಿ ತಲುಪುವವರೆಗೂ ಬಾಳಲಿಲ್ಲ. ಕ್ಷೇತ್ರಕಾರ್ಯದ ಪಠ್ಯಗಳಲ್ಲಿ ವಕ್ತೃವಿನಿಂದ ಮಾಹಿತಿ ಪಡೆಯುವ ಕ್ರಮಗಳಿವೆ. ವಕ್ತೃವಿಗೆ ನಾವು ಕೊಡಬೇಕಾದ ಮಾಹಿತಿಯ ಬಗೆಗೆ ನಾನು ಓದಿದ ಪಠ್ಯಗಳಲ್ಲಿ ಒಂದು ಪುಟವೂ ಇರಲಿಲ್ಲ.

ಮುಂದಿನ ಕಾರಹುಣ್ಣಿಮೆಗೆ ಮತ್ತೆ ಹೋದೆ. ಎತ್ತುಗಳು ಬಂದವು, ಹದಿನಾಲ್ಕು ಜೋಡಿ. ಹಿಂದೆ ಅರವತ್ತು ಬರುತ್ತಿದ್ದವೆಂದು ಯಾರೋ ಹೇಳಿದರು, ಈಗ ಟ್ರ್ಯಾಕ್ಟರು. ಒಬ್ಬ ಹುಡುಗ ತನ್ನ ಟ್ರ್ಯಾಕ್ಟರಿಗೇ ಬಲೂನು ಕಟ್ಟಿ ಕಲ್ಲಿಗೆ ಒಂದು ಸುತ್ತು ಹಾಕಿದ. ಹಿರಿಯರು ಬೈದರು, ಆಮೇಲೆ ನಕ್ಕರು. ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಗದ್ದಲ ಅಡಗಿದ ಮೇಲೆ ಮುತ್ಯಾನ ಬಳಿ ಕುಳಿತು ಗೋಡೆಯ ಸಂಗತಿಯನ್ನು ಮೊದಲಿನಿಂದ ಹೇಳಿದೆ. ನೂರು ಮೀಟರೆಂದರೆ ಎಲ್ಲಿಯವರೆಗೆ ಎಂದು ಕೇಳಿದರು. ಎದ್ದು ಹೆಜ್ಜೆ ಹಾಕಿ ತೋರಿಸಿದೆ. ಅವರ ಬಾವಿ, ಕಣ, ಬೇವಿನ ಮರದ ಕೆಳಗಿನ ಗುಡಿಸಲು ಎಲ್ಲವೂ ಒಳಗೆ ಬಂದವು.

“ನಿಮ್ಮ ಗ್ವಾಡಿ ಈಗ ಎದ್ದದೇನು?”

“ಎದ್ದದ, ಮುತ್ಯಾ.”

“ಎಷ್ಟ ವರ್ಷ ಹಿಡೀತು?”

“ಮೂರ ಮಳಗಾಲ.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೂರಂದ್ರ ನಾ ಇರ್ತೀನೋ ಇಲ್ಲೋ. ಹೊಲ ಈಗ ಮಗನ ಹೆಸರಿನ್ಯಾಗ ಅದ. ಪುಣ್ಯಾದಾಗ ಇರ್ತಾನ. ಅಂವನ ಕೇಳ್ರಿ. ಗ್ವಾಡಿದು ಮೊದಲ ಹೇಳ್ರಿ, ಆಮ್ಯಾಲ ಕಲ್ಲಿಂದು” ಎಂದರು.

ಮಗನಿಗೆ ಫೋನು ಮಾಡಿದೆ, ಗೋಡೆಯದನ್ನು ಮೊದಲು ಹೇಳಿದೆ. ಕೇಳಿಸಿಕೊಂಡು, ದೀಪಾವಳಿಗೆ ಊರಿಗೆ ಬಂದಾಗ ಅಪ್ಪನೊಂದಿಗೆ ಕುಳಿತು ಯೋಚಿಸಿ ಹೇಳುವೆನೆಂದ. ದಾರಿ ಅಗಲವಾಗುವ ಕೆಲಸ ಅಷ್ಟರೊಳಗೆ ಆರಂಭವಾದರೆ ಏನು ಮಾಡುವಿರೆಂದು ಕೇಳಿದೆ. ಆಗ ಫೋನು ಮಾಡಿರಿ ಎಂದ.

ಮನವಿ ಸಿದ್ಧವಾಗಿದೆ. ‘ಮಾನ್ಯರೇ’ ಎಂಬುದೇ ಮೊದಲ ಪದ. ಎತ್ತರ, ಅಗಲ, ದಪ್ಪ, ವಾಲಿದ ಕೋನ ಎಲ್ಲವನ್ನೂ ಅಳೆದು ಬರೆದಿದ್ದೇನೆ, ನಕ್ಷೆಯನ್ನೂ ಇಟ್ಟಿದ್ದೇನೆ. ಈ ಬಾರಿ ನಕ್ಷೆಯಿಲ್ಲವೆಂದು ಮರಳಿ ಬರಲಾರದು. ದಿನಾಂಕ ಹಾಕಿಲ್ಲ. ಮಹಾಪ್ರಬಂಧದ ಅನುಬಂಧದಲ್ಲಿ ಕಲ್ಲುಗಳ ಕೋಷ್ಟಕವಿದೆ. ಅದರಲ್ಲಿ ಒಂದು ಸಾಲಿನ ‘ಊರು’ ಎಂಬ ಕಲಮು ಖಾಲಿಯಿದೆ. ಮಾರ್ಗದರ್ಶಕರು ಪೆನ್ಸಿಲಿನಿಂದ ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸಲ್ಲಿಸುವುದರೊಳಗೆ ತುಂಬಿರಿ ಎಂದಿದ್ದಾರೆ.